ಇಳಿಭಾರ

ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನೊಳಗೆ ಕಾಲಿಟ್ಟರೆ ಸಾಕು, ನನಗೆ ಈಗ ವಾಕರಿಕೆ ಬರುತ್ತದೆ. ಲಿಫ್ಟು ಏನು ಮಾಡೀತು ಪಾಪ. ಅದನ್ನು ಎಳೆಯುವ ಇಂಡಕ್ಷನ್ ಮೋಟರನ್ನಂತೂ ನಾನು ಬೈಯಲಾರೆ. ಅಂಥ ಮೋಟರುಗಳ ಪಾಠ ಹೇಳಿಕೊಂಡೇ ಪಾಲಿಟೆಕ್ನಿಕ್ಕಿನಲ್ಲಿ ನನ್ನ ಕೂದಲು ಬೆಳ್ಳಗಾದದ್ದು. ಹೇಸಿಗೆ ಹುಟ್ಟಿಸಿದ್ದು ಅದರೊಳಗೆ ನಿಂತು ಮೇಲಕ್ಕೂ ಕೆಳಕ್ಕೂ ಓಡಾಡುವ ಮನುಷ್ಯರು. ಎಲ್ಲರೂ ಓದಿದವರು, ಪೂಜೆ ಪುನಸ್ಕಾರ ಬಿಡದವರು, ಎದುರಿಗೆ ಸಿಕ್ಕರೆ ಕೈಮುಗಿದು "ಕಾಫಿ ಆಯ್ತಾ ಮೇಡಂ" ಎಂದು ಕೇಳುವವರು. ಥೂ!

ನಾವಿರುವುದು ಚಾಮರಾಜಪೇಟೆಯಲ್ಲಿ, ಐದನೆಯ ಮಹಡಿಯಲ್ಲಿ. ನಾನು ಮತ್ತು ನಮ್ಮ ಯಜಮಾನರು, ಇಬ್ಬರೇ. ನನಗೆ ಅಡುಗೆಮನೆ ಎಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಹಾಗಾಗಿ ಎಷ್ಟೋ ವರ್ಷಗಳಿಂದ ಒಬ್ಬಾಕೆ ಬಂದು ಅಡುಗೆ ಮಾಡಿಕೊಟ್ಟು ಹೋಗುತ್ತಾಳೆ. ಐವತ್ತು ದಾಟಿದ ಗಟ್ಟಿ ಹೆಂಗಸು, ದೊಡ್ಡ ದನಿ, ಅದಕ್ಕಿಂತ ದೊಡ್ಡ ನಗು. ಬೆಳಿಗ್ಗೆ ಮಾರ್ಕೆಟ್ಟಿನ ಹತ್ತಿರ ಬಸ್ಸಿಳಿದು, ನಮಗೆಲ್ಲ ಸೊಪ್ಪು ತರಕಾರಿ ಹಿಡಿದುಕೊಂಡು ನಡೆದು ಬರುತ್ತಾಳೆ. ಆಕೆ ಹುಳಿಗೆ ಒಗ್ಗರಣೆ ಹಾಕಿದರೆ ಕೆಳಗಿನ ಮಹಡಿಯವರು ಬಾಗಿಲು ತೆಗೆದು ಮೂಸುತ್ತಾರೆ. ಈ ಕಟ್ಟಡದಲ್ಲಿಯೇ ಆಕೆಗೆ ನಾಲ್ಕು ಮನೆ, ಎಲ್ಲವೂ ಮೇಲಿನ ಎರಡು ಮಹಡಿಗಳಲ್ಲಿ. ಆಕೆಯ ಜೀವನ ನಡೆಯುವುದು ಅದರಿಂದಲೇ.

ಆಕೆಯ ಎರಡೂ ಮಂಡಿ ಸವೆದಿವೆ. ಡಾಕ್ಟರು ಎಕ್ಸ್‌ರೇ ನೋಡಿ ಮೆಟ್ಟಿಲ ಸಹವಾಸ ಬಿಡು ಎಂದಿದ್ದರಂತೆ. "ಲಿಫ್ಟ್ ಐತಲ್ಲ, ಅದಕ್ಕೇ ಈ ಬಿಲ್ಡಿಂಗ್ ಹಿಡ್ಕೊಂಡಿದೀನಿ ಕಣಮ್ಮ. ಇಲ್ದಿದ್ರೆ ಈ ಮಂಡಿ ಇಟ್ಕೊಂಡು ಯಾವತ್ತೋ ಮನೇಲಿ ಕೂತ್ಕೋಬೇಕಿತ್ತು. ಕೂತ್ರೆ ಊಟಕ್ಕೇನ್ ಮಾಡೋದು?" ಎಂದು ಆಕೆ ಆಗಾಗ ಹೇಳುತ್ತಿದ್ದಳು. ಹೇಳಿ, ಲಿಫ್ಟಿನ ಗೋಡೆಗೆ ಒಂದು ನಮಸ್ಕಾರ ಹಾಕಿ ನಗುತ್ತಿದ್ದಳು.

ಅಷ್ಟರಲ್ಲಿ ಲಿಫ್ಟಿನ ಹಳೆಯ ಡ್ರೈವ್ ಕೆಟ್ಟಿತು. ಡ್ರೈವ್ ಎಂದರೆ ಮೋಟರಿಗೆ ಎಷ್ಟು ವೇಗದಲ್ಲಿ ತಿರುಗಬೇಕು, ಯಾವಾಗ ನಿಧಾನಿಸಬೇಕು ಎಂದು ಅಪ್ಪಣೆ ಕೊಡುವ ಪೆಟ್ಟಿಗೆ. ಹೊಸದನ್ನು ಹಾಕಿಸಲು ಸಂಘದ ಸಭೆ ಕರೆದರು. ಅವತ್ತು ನಾನು ಮತ್ತಿಕೆರೆಯಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ನನ್ನ ಪರವಾಗಿ ಹೋದ ಯಜಮಾನರು ಪದ್ಧತಿಯಂತೆ ಕುರ್ಚಿಯಲ್ಲಿಯೇ ನಿದ್ದೆ ಹೊಡೆದು ಬಂದರು. ಲಿಫ್ಟ್ ಕಂಪನಿಯವನು ಬಂದು ರೀಜನರೇಟಿವ್ ಬ್ರೇಕಿಂಗ್ ಇರುವ ಡ್ರೈವಿನ ಗುಣಗಾನ ಮಾಡಿದನಂತೆ. ನಿಮ್ಮ ಲಿಫ್ಟು ಇನ್ನು ಕರೆಂಟು ತಿನ್ನುವುದಷ್ಟೇ ಅಲ್ಲ, ಕರೆಂಟು ಕೊಡುತ್ತದೆ ಎಂದನಂತೆ. ಎಲ್ಲರೂ ಚಪ್ಪಾಳೆ ತಟ್ಟಿ ಅದನ್ನೇ ಹಾಕಿಸಲು ಒಪ್ಪಿದರಂತೆ. "ಚಪ್ಪಾಳೆ ಸದ್ದಿಗೇ ನಂಗೆ ಎಚ್ಚರ ಆಗಿದ್ದು" ಎಂದರು ಯಜಮಾನರು.

ಅವನು ಹೇಳಿದ್ದು ಸುಳ್ಳಲ್ಲ. ಮೋಟರು ಲಿಫ್ಟನ್ನು ಎಳೆಯುತ್ತದೆ, ನಿಜ. ಆದರೆ ಕೆಲವು ಸಲ ಲಿಫ್ಟೇ ಮೋಟರನ್ನು ಎಳೆಯುತ್ತದೆ. ಇಂಡಕ್ಷನ್ ಮೋಟರಿನೊಳಗೆ ಕಾಂತಕ್ಷೇತ್ರ ಸುತ್ತುತ್ತಿರುತ್ತದೆ; ನಡುವೆ ತಿರುಗುವ ಭಾಗವಾದ ರೋಟರು ಅದಕ್ಕಿಂತ ಒಂದು ಚೂರು ಹಿಂದೆ ಬಿದ್ದು ಓಡುವ ತನಕ ಮೋಟರು ಕರೆಂಟು ತಿನ್ನುತ್ತದೆ. ಹೊರಗಿನ ಭಾರ ದಬ್ಬಿ ದಬ್ಬಿ ರೋಟರು ಆ ಕ್ಷೇತ್ರಕ್ಕಿಂತ ಮುಂದೆ ಓಡಿತೋ, ಅದೇ ಮೋಟರು ಜನರೇಟರ್ ಆಗಿ ಕರೆಂಟನ್ನು ಕಕ್ಕುತ್ತದೆ. ಕಕ್ಕುತ್ತಲೇ ಭಾರವನ್ನು ಹಿಡಿದು ನಿಧಾನ ಮಾಡುತ್ತದೆ. ಹಾಗೆ ಬಂದ ಕರೆಂಟನ್ನು ಹಳೆಯ ಡ್ರೈವ್ ತಾರಸಿಯ ಮೆಷೀನ್ ರೂಮಿನಲ್ಲಿದ್ದ ರೆಸಿಸ್ಟರ್ ಪೆಟ್ಟಿಗೆಯಲ್ಲಿ ಸುಟ್ಟು, ಬಿಸಿಗಾಳಿ ಮಾಡಿ ಬಿಡುತ್ತಿತ್ತು. ಹೊಸದು ಅದನ್ನು ಕಟ್ಟಡದ ಲೈನಿಗೇ ವಾಪಸು ಕೊಡುತ್ತದೆ. ತರಗತಿಯಲ್ಲಿ ಇದನ್ನು ವಿವರಿಸುವ ದಿನ ನನಗೆ ಒಂಥರಾ ಖುಷಿಯಾಗುತ್ತಿತ್ತು, ಹುಡುಗಿಯರೂ ಕಣ್ಣರಳಿಸಿ ಕೇಳುತ್ತಿದ್ದರು. ಈಗ ನನ್ನ ಆ ಖುಷಿಗೂ ಹುಳು ಬಿತ್ತು.

ಕಂಪನಿಯವನು "ಲಿಫ್ಟ್ ತುಂಬ ಜನ ಇಳಿದರೆ ಕರೆಂಟ್ ಬರುತ್ತೆ" ಎಂದಿದ್ದನಂತೆ. ನಮ್ಮ ಸಂಘದ ಕಾರ್ಯದರ್ಶಿಯ ಕಿವಿಗೆ ಬಿದ್ದದ್ದು "ಇಳಿದರೆ ಕರೆಂಟ್ ಬರುತ್ತೆ" ಎಂಬಷ್ಟೇ. ಈ ಕಾರ್ಯದರ್ಶಿ ಎರಡನೆಯ ಮಹಡಿಯಲ್ಲಿರುವ ನಿವೃತ್ತ ಅಧಿಕಾರಿ. ಮನುಷ್ಯನಿಗೆ ಎರಡು ಹುಚ್ಚು. ಒಂದು ಉಳಿತಾಯ, ಬೆಳಕು ಸರಿಯಾಗಿ ಹರಿಯುವ ಮೊದಲೇ ಮೊಗಸಾಲೆಯ ದೀಪಗಳನ್ನು ಆರಿಸಿಕೊಂಡು ಓಡಾಡುತ್ತಾನೆ. ಇನ್ನೊಂದು, ಹೊಸ ಹೊಸ ಕನ್ನಡ ಪದ ಕಟ್ಟಿ ನೋಟೀಸು ಬರೆಯುವುದು. ಎರಡು ಹುಚ್ಚೂ ಸೇರಿ ಒಂದು ಬೆಳಿಗ್ಗೆ ಲಿಫ್ಟಿನ ಪಕ್ಕದ ಗೋಡೆಯ ಮೇಲೆ ಅಂಟಿಕೊಂಡವು:

"ಮನೆಗೆಲಸದವರೂ ಇತರ ಹೊರಗಿನವರೂ ಏರುವಾಗ ಮೆಟ್ಟಿಲುಗಳನ್ನೇ ಬಳಸತಕ್ಕದ್ದು. ಇಳಿಯುವಾಗ ತಪ್ಪದೆ ಲಿಫ್ಟನ್ನು ಬಳಸಿ, ಇಳಿಭಾರದಿಂದ ವಿದ್ಯುತ್ ಉತ್ಪಾದನೆಗೆ ಸಹಕರಿಸತಕ್ಕದ್ದು."

ಇಳಿಭಾರ! ಆ ಪದವನ್ನು ಹುಟ್ಟಿಸಿದ್ದಕ್ಕೆ ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಅವನಿಗೆ ಸಾಲುಸಾಲು ಕೈಮುಗಿದ ಚಿತ್ರಗಳು ಬಂದವು. "ಎಂಥ ಚೆಂದದ ಕನ್ನಡ ಪದ ಸಾರ್" ಎಂದು ಒಬ್ಬರು ಬರೆದರು. ಪದದೊಳಗೆ ಯಾರಿದ್ದಾರೆ ಎಂದು ಒಬ್ಬರೂ ಕೇಳಲಿಲ್ಲ. ಅಡುಗೆಯಾಕೆ ತನ್ನ ಮಂಡಿಯ ನೋವು ತಿಂದುಕೊಂಡು ಐದು ಮಹಡಿ ಹತ್ತಬೇಕು. ಹಾಗೆ ಹತ್ತಿಸಿದ ಮೈಭಾರವನ್ನು ಇವರು ಲಿಫ್ಟಿನಲ್ಲಿ ಇಳಿಸಿಕೊಂಡು ಕರೆಂಟು ಹಿಂಡಿಕೊಳ್ಳಬೇಕು. ಕಬ್ಬು ಅರೆಯುವವನಿಗಾದರೂ ಕಬ್ಬು ತನ್ನ ಕಾಲ ಮೇಲೆಯೇ ಗಾಣದ ತನಕ ನಡೆದು ಬರಲಿ ಎಂಬ ಆಸೆ ಇರುವುದಿಲ್ಲ.

ಮೊದಲ ದಿನ ಆಕೆ ನಮ್ಮ ಮನೆಗೆ ಬಂದಾಗ ಮುಖವೆಲ್ಲ ಬೆವರು. ಚೀಲವನ್ನು ನೆಲಕ್ಕೆ ಹಾಕಿ, ಚಪ್ಪಲಿ ಗೂಡಿನ ಮೇಲೆಯೇ ಕುಕ್ಕರಿಸಿದಳು.

"ಏನಮ್ಮ ಇದು ಹೊಸ ಕಾನೂನು? ವಾಚ್‌ಮನ್ನು ಲಿಫ್ಟ್ ಹತ್ರಾನೇ ಬಿಡಲಿಲ್ಲ. ಹೋಗುವಾಗ ಲಿಫ್ಟಲ್ಲಿ ಹೋಗು, ನೀನು ಒಳ್ಳೆ ಇಳಿಭಾರ ಅಂತಾನೆ. ಹಂಗಂದ್ರೆ ಏನಮ್ಮ? ಬೈದಿದ್ದಾ?"

ನೀರು ಕೊಟ್ಟೆ. ಆಮೇಲೆ ನೆಟ್ಟಗೆ ಎರಡನೆಯ ಮಹಡಿಗೆ ಹೋಗಿ ಕಾರ್ಯದರ್ಶಿಯ ಮನೆಯ ಬೆಲ್ಲು ಒತ್ತಿದೆ.

"ಸ್ವಾಮಿ, ಆಕೆಗೆ ಮಂಡಿ ನೋವು. ಹತ್ತೋದಕ್ಕಾಗಲ್ಲ" ಎಂದೆ.

"ಅಯ್ಯೋ ಮೇಡಂ, ನಡೆದ್ರೆ ಮಂಡಿಗೆ ಒಳ್ಳೇದು. ಎಕ್ಸರ್‌ಸೈಜ್ ಆಗುತ್ತೆ."

"ಹಾಗಾದ್ರೆ ನೀವು ಹತ್ತಿ."

ಅವನು ಹಲ್ಲು ಕಿರಿದ. "ನಾವು ಮೇಂಟೆನೆನ್ಸ್ ಕಟ್ಟೋರಲ್ವಾ ಮೇಡಂ. ಅಲ್ಲದೆ ಇಳಿಯುವಾಗ ಆಕೆಗೆ ಲಿಫ್ಟ್ ಫ್ರೀ ಕೊಟ್ಟಿದೀವಲ್ಲ. ಆಕೆ ಒಳ್ಳೆ ಗಟ್ಟಿ ಆಳು, ತೂಕ ಚೆನ್ನಾಗಿದೆ. ಆಕೆ ಇಳಿದ್ರೆ ಕರೆಂಟ್ ಜಾಸ್ತಿ ಬರುತ್ತೆ."

ತೂಕ ಚೆನ್ನಾಗಿದೆಯಂತೆ! ಕಲಾಸಿಪಾಳ್ಯದಲ್ಲಿ ಈರುಳ್ಳಿ ಮೂಟೆಯನ್ನು ತಕ್ಕಡಿಗೆ ಹಾಕುವವರು ಕೂಡ ಮನುಷ್ಯರನ್ನು ನೋಡಿ ಹೀಗೆ ಮಾತಾಡುವುದಿಲ್ಲ. ಮೈಯೆಲ್ಲ ಉರಿದುಹೋಯಿತು. ಅವನ ಲೆಕ್ಕವೇ ತಪ್ಪು ಎಂಬುದು ನನಗೆ ಆ ಬಾಗಿಲಲ್ಲಿ ನಿಂತಾಗಲೇ ಗೊತ್ತಿತ್ತು, ನಾಲಿಗೆಯ ತುದಿಗೂ ಬಂದಿತ್ತು. ಆದರೆ ಹೇಳಲಿಲ್ಲ. ಮಂಡಿ ಸವೆದ ಹೆಂಗಸು ಲಿಫ್ಟ್ ಹತ್ತಬಹುದೋ ಬಾರದೋ ಎನ್ನುವುದಕ್ಕೆ ಮೋಟರಿನ ಲೆಕ್ಕ ಹೇಳಬೇಕೇ? ಅದನ್ನು ಹೇಳುವುದೇ ಅಸಹ್ಯ ಎನಿಸಿತು.

ಮರುದಿನ ನಾನೇ ಕೆಳಗಿಳಿದು ಆಕೆಯನ್ನು ಜೊತೆಗೆ ಕರೆದುಕೊಂಡು ಲಿಫ್ಟಿನಲ್ಲಿ ಬಂದೆ. ಎರಡು ದಿನ ನಡೆಯಿತು. ಮೂರನೆಯ ದಿನ ಲಿಫ್ಟಿನ ಬಾಗಿಲಲ್ಲಿ ನಮ್ಮ ಪಕ್ಕದ ಮನೆಯವಳು ಎದುರಾದಳು. ಅಡುಗೆಯಾಕೆಯ ನಾಲ್ಕು ಮನೆಗಳಲ್ಲಿ ಅದೂ ಒಂದು. ನನಗೆ ಏನೂ ಅನ್ನಲಿಲ್ಲ. ಅಡುಗೆಯಾಕೆಯನ್ನು ತನ್ನ ಅಡುಗೆಮನೆಗೆ ಕರೆದು, "ಸಂಘದ ರೂಲ್ ಮುರಿಯೋರು ನಮಗೆ ಬೇಡ" ಎಂದಳಂತೆ. ಅವಳ ಮನೆಯ ಗೋಡೆಯ ಮೇಲೆ ದೇವರ ಪಟಗಳಿಗೆ ಜಾಗ ಸಾಲದು, ಗೊತ್ತೇ? ಆಮೇಲೆ ಅಡುಗೆಯಾಕೆ ನನ್ನ ಜೊತೆ ಲಿಫ್ಟಿನಲ್ಲಿ ಬರಲು ಒಪ್ಪಲಿಲ್ಲ.

"ಬೇಡಮ್ಮ, ನಾನೇ ಹತ್ಕೊಂಡು ಬರ್ತೀನಿ. ಒಂದು ಮನೆ ಹೋದ್ರೆ ಮಿಕ್ಕಿದ್ದೂ ಹೋಗ್ತವೆ. ಈ ವಯಸ್ಸಲ್ಲಿ ಬೇರೆ ಕಡೆ ಯಾರು ಕರೀತಾರೆ?"

ಹೀಗೆ ತಿಂಗಳಾಯಿತು. ಒಂದೊಂದು ಮಹಡಿಗೂ ಆಕೆ ಕೂರುವುದು, ಮತ್ತೆ ಏಳುವುದು. ದೊಡ್ಡ ನಗು ಎಲ್ಲಿ ಹೋಯಿತೋ. ಒಂದು ದಿನ ಹಿಟ್ಟು ಕಲಸುತ್ತ ಕಲಸುತ್ತ, "ಅಮ್ಮ, ಈ ತಿಂಗಳು ನೋಡ್ತೀನಿ. ಆಗಲಿಲ್ಲಾಂದ್ರೆ ಬಿಟ್ಬಿಡ್ತೀನಿ" ಎಂದಳು.

ಮುಂದಿನ ಸಭೆಗೆ ನಾನೇ ಹೋದೆ. ಮೊದಲು ಮನುಷ್ಯರ ಮಾತಿನಲ್ಲಿಯೇ ಹೇಳಿದೆ. ಆಕೆ ನಮ್ಮೆಲ್ಲರ ಹೊಟ್ಟೆಗೆ ಅನ್ನ ಬೇಯಿಸುವವಳು, ಆಕೆಯ ಮಂಡಿ ನೋಡಿ, ನಿಮ್ಮ ಮನೆಯ ಹಿರಿಯರನ್ನು ಹೀಗೆ ಹತ್ತಿಸುತ್ತೀರಾ ಎಂದು ಕೇಳಿದೆ. ಒಬ್ಬರು ಮೊಬೈಲು ನೋಡಿದರು, ಒಬ್ಬರು ಸೀಲಿಂಗು ನೋಡಿದರು. "ಮೇಡಂ ತುಂಬಾ ಸೆಂಟಿಮೆಂಟ್" ಎಂದು ಹಿಂದಿನಿಂದ ಯಾರೋ ನಕ್ಕರು. ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಪ್ರತಿಧ್ವನಿ ಕೊಡುತ್ತಿತ್ತು.

ಆಗ ನನ್ನ ತಲೆ ಕೆಟ್ಟಿತು. ಸರಿ, ನಿಮಗೆ ಅರ್ಥವಾಗುವ ಭಾಷೆಯಲ್ಲಿಯೇ ಹೇಳುತ್ತೇನೆ ಎಂದು ಎದ್ದು ನಿಂತೆ.

"ಲಿಫ್ಟಿನ ಹಗ್ಗದ ಇನ್ನೊಂದು ತುದೀಲಿ ಏನಿದೆ ಗೊತ್ತಾ ನಿಮಗೆ?" ಎಂದೆ. ಯಾರಿಗೂ ಗೊತ್ತಿರಲಿಲ್ಲ. "ಎದುರುತೂಕ ಇದೆ. ನಮ್ಮದು ಎಂಟು ಜನರ ಲಿಫ್ಟ್. ಲಿಫ್ಟಿನ ಪೆಟ್ಟಿಗೆಯ ತೂಕ, ಅದರ ಮೇಲೆ ಸುಮಾರು ನಾಲ್ಕು ಜನರ ತೂಕ, ಅಷ್ಟನ್ನು ಆ ಕಡೆ ಕಟ್ಟಿರ್ತಾರೆ. ತಕ್ಕಡಿ ಅಂತಲೇ ತಿಳ್ಕೊಳ್ಳಿ. ಒಳಗೆ ಒಬ್ಬರೇ ಇದ್ದರೆ ಆ ಕಡೆಯೇ ಜಾಸ್ತಿ ಭಾರ. ಒಬ್ಬರು ಇಳಿಯುವಾಗ ಮೋಟರು ಕಷ್ಟಪಟ್ಟು ಆ ತೂಕಾನ ಮೇಲಕ್ಕೆ ಎತ್ತಬೇಕು, ಕರೆಂಟು ಖರ್ಚಾಗುತ್ತೆ. ಒಬ್ಬರು ಹತ್ತುವಾಗ ಆ ತೂಕ ತಾನೇ ಕೆಳಗೆ ಬೀಳುತ್ತೆ, ಮೋಟರು ಅದನ್ನ ಹಿಡಿದು ನಿಲ್ಲಿಸ್ತಾ ಕರೆಂಟ್ ಕೊಡುತ್ತೆ. ನೀವು ಒಂದು ತಿಂಗಳಿಂದ ಆಕೆಯನ್ನ ಒಬ್ಬಳನ್ನೇ ಲಿಫ್ಟಲ್ಲಿ ಇಳಿಸಿ ಕರೆಂಟ್ ದಂಡ ಮಾಡಿದೀರಿ. ಹತ್ತಿಸಿದ್ದರೆ ನಿಮಗೆ ವಾಪಸು ಬರ್ತಿತ್ತು!"

ಸಭೆ ಚುರುಕಾಯಿತು. ಮೊಬೈಲುಗಳು ಕೆಳಗಿಳಿದವು. ಆಕೆಯ ಮಂಡಿಗೆ ತಿರುಗದಿದ್ದ ಮುಖಗಳೆಲ್ಲ ಎದುರುತೂಕಕ್ಕೆ ತಿರುಗಿದವು. ಕಾರ್ಯದರ್ಶಿಯ ಮುಖ ನೋಡಬೇಕಿತ್ತು, ಮನೆಯಲ್ಲಿ ಕಳ್ಳತನವಾಗಿದೆ ಎಂದು ಆಗಷ್ಟೇ ಗೊತ್ತಾದವನ ಹಾಗೆ. "ಹೌದಾ ಮೇಡಂ? ಒಂದು ತಿಂಗಳಿಂದಲಾ?" ಎಂದು ಮತ್ತೆ ಮತ್ತೆ ಕೇಳಿದ.

ಕೇಳಿದ್ದಷ್ಟಕ್ಕೆ ಬಿಡಲಿಲ್ಲ. ಮರುದಿನ ಬೆಳಿಗ್ಗೆ ಪರೀಕ್ಷೆ. ಮೂರು ನಾಲ್ಕು ಜನ ತಾರಸಿಯ ಮೆಷೀನ್ ರೂಮಿನಲ್ಲಿ ಡ್ರೈವಿನ ಡಿಸ್‌ಪ್ಲೇ ಮುಂದೆ ಗುಂಪು ಕಟ್ಟಿ ನಿಂತರು. ನನ್ನನ್ನೂ ಎಳೆದುಕೊಂಡು ಹೋದರು. ಕಾರ್ಯದರ್ಶಿ ಫೋನಿನಲ್ಲಿ ವಾಚ್‌ಮನ್ನಿಗೆ, "ಆಕೇನ ಹತ್ತಿಸು" ಎಂದ. ಅಡುಗೆಯಾಕೆ ಒಬ್ಬಳೇ ಹತ್ತಿದಳು. ಅಂಕಿಯ ಎಡಕ್ಕೆ ಮೈನಸ್ ಚಿಹ್ನೆ ಬಂತು. ಕರೆಂಟು ವಾಪಸು ಹೋಗುತ್ತಿದೆ ಎಂದು ಅದರ ಅರ್ಥ. "ಮೈನಸ್ ಬಂತು, ಮೈನಸ್ ಬಂತು!" ಎಂದು ಕುಣಿದಾಡಿಬಿಟ್ಟರು. "ಈಗ ಇಳಿಸು" ಎಂದ. ಇಳಿದಳು, ಮೈನಸ್ ಹೋಯಿತು. ಎಲ್ಲರೂ ಅಯ್ಯೋ ಎಂದರು. "ಇನ್ನೊಂದ್ಸಲ ಹತ್ತಿಸು." ಒಳಗಿರುವ ಹೆಂಗಸಿಗೆ ಏನಾಗುತ್ತಿದೆ ಎಂದು ಒಂದು ಮಾತೂ ಹೇಳಿರಲಿಲ್ಲ. ಹತ್ತಿಸು, ಇಳಿಸು, ಹತ್ತಿಸು, ಇಳಿಸು. ಆದರೂ ಬಾಯಿ ಮುಚ್ಚಿಕೊಂಡು ನಿಂತೆ. ಆಕೆಯ ಮಂಡಿ ಉಳಿಯುತ್ತದಲ್ಲ, ಕೆಲಸ ಉಳಿಯುತ್ತದಲ್ಲ, ಇವರು ಕುಣಿದುಕೊಂಡು ಸಾಯಲಿ ಎಂದುಕೊಂಡೆ.

"ಮೇಡಂ, ನೀವು ಹೇಳಿದ್ದೇ ಕರೆಕ್ಟು" ಎಂದ ಕಾರ್ಯದರ್ಶಿ, ಕೈ ಜೋಡಿಸಿ. "ತಪ್ಪು ನಮ್ದೇ. ನಾಳೇನೇ ನೋಟೀಸ್ ಬದಲಾಯಿಸ್ತೀನಿ."

ಅಡುಗೆಯಾಕೆ ಮನೆಗೆ ಬಂದವಳು, "ಏನಮ್ಮ, ಇವತ್ತು ಪುಕ್ಕಟೆ ಸವಾರಿಯೋ ಸವಾರಿ! ತಲೆ ಗಿರ್ ಅಂತೈತೆ" ಎಂದು ನಕ್ಕಳು. ನಾಳೆಯಿಂದ ನೀನು ಲಿಫ್ಟಿನಲ್ಲಿಯೇ ಬರಬಹುದು ಎಂದೆ. ನಂಬಲಿಲ್ಲ. ನಾನು ಎರಡು ಸಲ ಹೇಳಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ನಾನು ಬೇಡವೆಂದರೂ ಕೇಳದೆ, ತುಪ್ಪ ಸುರಿದು ಕೇಸರಿಬಾತು ಮಾಡಿಟ್ಟಳು. ಯಜಮಾನರು ಎರಡೆರಡು ಸಲ ಹಾಕಿಸಿಕೊಂಡರು.

ಬೆಳಿಗ್ಗೆ ಹೊಸ ನೋಟೀಸು ಬಂದಿತ್ತು. ಹಾಲು ತರಲು ಕೆಳಗೆ ಹೋದಾಗ ಓದಿದೆ.

"ಮನೆಗೆಲಸದವರೂ ಇತರ ಹೊರಗಿನವರೂ ಏರುವಾಗ ಒಬ್ಬೊಬ್ಬರಾಗಿ ಲಿಫ್ಟನ್ನೇ ಬಳಸಿ, ಏರುಹಗುರದಿಂದ ವಿದ್ಯುತ್ ಉತ್ಪಾದನೆಗೆ ಸಹಕರಿಸತಕ್ಕದ್ದು. ಇಳಿಯುವಾಗ ಮೆಟ್ಟಿಲುಗಳನ್ನೇ ಬಳಸತಕ್ಕದ್ದು."

ಎರಡು ಸಲ ಓದಿದೆ. ಹಾಲಿನ ಪ್ಯಾಕೆಟ್ಟು ಕೈಯಲ್ಲಿಯೇ ಬಿಸಿಯಾಗುತ್ತಿತ್ತು. ಕಾರ್ಯದರ್ಶಿ ದೀಪ ಆರಿಸಿಕೊಂಡು ಅಲ್ಲಿಗೇ ಬಂದ.

"ಇದೇನ್ರೀ ಇದು?" ಎಂದೆ. ಸ್ವಾಮಿ ಗೀಮಿ ಎಲ್ಲ ಬಾಯಿಂದ ಬಿದ್ದುಹೋಗಿತ್ತು.

"ನಿಮ್ಮ ಲೆಕ್ಕಾನೇ ಅಲ್ವಾ ಮೇಡಂ? ಒಬ್ಬರು ಇಳಿದ್ರೆ ಖರ್ಚು ಅಂತ ನೀವೇ ಹೇಳಿದ್ರಿ, ನಾವೇ ಕಣ್ಣಾರೆ ನೋಡಿದ್ವಿ" ಎಂದ. ಮುಖದ ಮೇಲೆ ಕೃತಜ್ಞತೆ ಬೇರೆ. "ಮಂಡಿ ನೋವು ಅಂದ್ರಲ್ಲ, ಅದಕ್ಕೇ ಹತ್ತೋ ಕಷ್ಟ ತಪ್ಪಿಸಿದೀವಿ. ಇಳಿಯೋದಕ್ಕೇನು ಮೇಡಂ, ಮಕ್ಕಳೂ ಇಳೀತಾರೆ."

ಬಾಯಿಗೆ ಬಂದಂತೆ ಬೈದೆ. ಏನು ಬೈದೆನೋ ನನಗೇ ನೆನಪಿಲ್ಲ. ಅವನು ತಾಳ್ಮೆಯಿಂದ ಕೇಳಿಸಿಕೊಂಡು, ಕೊನೆಗೆ ನನ್ನ ತಲೆಯ ಮೇಲಿದ್ದ ದೀಪವನ್ನೂ ಆರಿಸಿ ಹೋದ. ಅಷ್ಟು ಹೊತ್ತಿಗೆ ಗ್ರೂಪಿನಲ್ಲಿ ಏರುಹಗುರಕ್ಕೆ ಕೈಮುಗಿದ ಚಿತ್ರಗಳು ಶುರುವಾಗಿದ್ದವು. ಕೆಲವರು ನನ್ನ ಹೆಸರಿಗೂ ಹೂಗುಚ್ಛ ಕಳಿಸಿದ್ದರು.

ಅಡುಗೆಯಾಕೆ ಅವತ್ತು ಲಿಫ್ಟಿನಲ್ಲಿ ಬಂದಳು. ನಗುತ್ತಲೇ ಬಂದಳು, ವಾಚ್‌ಮನ್ನೇ ಗುಂಡಿ ಒತ್ತಿದನಂತೆ. ಕೆಲಸ ಮುಗಿಸಿ, ಚೀಲ ಹೆಗಲಿಗೆ ಹಾಕಿಕೊಂಡು ಹೊರಟಾಗ ನಾನೂ ಚಪ್ಪಲಿ ಮೆಟ್ಟಿ ಹೊರಗೆ ಬಂದೆ. "ಬಾ, ನನ್ನ ಜೊತೆ ಲಿಫ್ಟಲ್ಲಿ ಇಳಿ" ಎಂದೆ. ಆಕೆ ತಲೆಯಾಡಿಸಿದಳು. ಪಕ್ಕದ ಮನೆಯ ಬಾಗಿಲು ತೆರೆದಿತ್ತು.

ಆಕೆ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಗೋಡೆಯ ಕಡೆಗೆ ಬೆನ್ನು ಮಾಡಿ, ಅಡ್ಡಡ್ಡವಾಗಿ ಒಂದು ಕಾಲನ್ನು ಕೆಳಗಿಟ್ಟಳು. ಇನ್ನೊಂದನ್ನು ಅದರ ಪಕ್ಕಕ್ಕೆ ಎಳೆದುಕೊಳ್ಳುವಾಗ ಹಲ್ಲು ಕಚ್ಚಿದ್ದು ಕಾಣಿಸಿತು. ಮತ್ತೊಂದು ಮೆಟ್ಟಿಲು. ಅಲ್ಲಿಯೇ ನಿಂತು, ಕಂಬಿಗೆ ಹಣೆಯಾನಿಸಿ, ಸ್ವಲ್ಪ ಹೊತ್ತು ಉಸಿರು ಬಿಟ್ಟಳು. ನಾನು ಕೈ ಹಿಡಿಯಲು ಹೋದೆ.

"ಹತ್ತೋದೇ ವಾಸಿ ಇತ್ತು ಕಣಮ್ಮ" ಎಂದಳು, ನನ್ನ ಮುಖ ನೋಡದೆ. "ಹತ್ತುವಾಗ ಉಸಿರು ಹೋಗ್ತಿತ್ತು, ಅಷ್ಟೇ. ಇಳಿಯುವಾಗ ಮೈಯೆಲ್ಲ ಮಂಡಿ ಮೇಲೇ ಬೀಳ್ತೈತೆ. ಜೀವ ಹೋಗ್ತೈತೆ." ಇನ್ನೊಂದು ಮೆಟ್ಟಿಲು ಇಳಿದು, ಕಂಬಿಯಿಂದ ಒಂದು ಕೈ ಬಿಡಿಸಿ ನನ್ನ ಕಡೆಗೆ ಎತ್ತಿದಳು. "ಇನ್ನು ನನ್ನ ಪರವಾಗಿ ಅವರ ಹತ್ರ ಏನೂ ಮಾತಾಡ್ಬೇಡಿ ಅಮ್ಮ. ನಿಮ್ಮ ಕಾಲಿಗೆ ಬೀಳ್ತೀನಿ."